ಮುರುಗೆಪ್ಪ ಗಾಡಿ ನೋಡುವ ರೀತಿ

ಗೋಪನಕೊಪ್ಪದಲ್ಲಿ ಹಳೆಯ ಗಾಡಿ ಕೊಳ್ಳಬೇಕೆಂದವರು ಮೊದಲು ಮುರುಗೆಪ್ಪನ ಮನೆಗೆ ಬರುತ್ತಾರೆ. ಗ್ಯಾರೇಜಿನವನ ಸರದಿ ಆಮೇಲೆ, ಗಾಡಿ ನಡುದಾರಿಯಲ್ಲಿ ಕೆಟ್ಟು ನಿಂತ ಮೇಲೆ. ಮುರುಗೆಪ್ಪನಿಗೆ ಕಾರು ನಡೆಸಲು ಬರುವುದಿಲ್ಲ. ಬಾನೆಟ್ಟು ತೆಗೆಯಲು ಎಲ್ಲಿ ಒತ್ತಬೇಕೆಂಬುದೂ ಗೊತ್ತಿಲ್ಲ. ಆದರೂ ಈ ಭಾಗದಲ್ಲಿ ಅವನ ಒಪ್ಪಿಗೆಯಿಲ್ಲದೆ ಹಳೆಯ ಗಾಡಿಯೊಂದು ಕೈ ಬದಲಾಯಿಸಿದರೆ ಜನ ಅದನ್ನು ಅವಸರದ ವ್ಯವಹಾರ ಎನ್ನುತ್ತಾರೆ.

ಅವನು ಅರಳೆ ದಲಾಲಿ ಮಾಡಿ ಈಗ ಅದನ್ನು ತಮ್ಮನ ಮಕ್ಕಳಿಗೆ ಬಿಟ್ಟು ಕೂತವನು. ಇಸ್ತ್ರಿ ಮಾಡಿದ ಬಿಳಿ ಧೋತರ, ಬಿಳಿ ಅಂಗಿ, ತಲೆಯ ಮೇಲೆ ಟೊಪ್ಪಿಗೆ, ಹಣೆಯಲ್ಲಿ ವಿಭೂತಿ. ನಾನು ಅವನ ಪಕ್ಕದ ಮನೆಯವನು, ಕನ್ನಡ ಸಾಲಿಯ ನಿವೃತ್ತ ಮಾಸ್ತರ. ಗಾಡಿ ನೋಡಲು ಹೋಗುವಾಗ ಒಬ್ಬನೇ ಹೋಗಬಾರದು ಎಂಬುದು ಅವನ ನಿಯಮ. ನೋಡಲು ಹೋದ ಮನೆಯಲ್ಲಿ ತಿನ್ನಲು ಏನಾದರೂ ಕೊಟ್ಟೇ ಕೊಡುತ್ತಾರೆ ಎಂಬುದು ನನ್ನ ಅನುಭವ. ಹೀಗಾಗಿ ನಮ್ಮಿಬ್ಬರ ಜೋಡಿ ಚೆನ್ನಾಗಿ ಹೊಂದಿಕೊಂಡಿದೆ.

ಅವನ ಪರೀಕ್ಷೆ ಶುರುವಾಗುವುದು ಗಾಡಿಯ ಮಾಲಕನ ಅಡ್ಡಹೆಸರಿನಿಂದ. ಮೂಲ ಊರು ಯಾವುದು, ಯಾವ ಮಠಕ್ಕೆ ನಡೆದುಕೊಳ್ಳುತ್ತಾರೆ, ಅಜ್ಜ ಏನು ಮಾಡುತ್ತಿದ್ದ, ಅಕ್ಕತಂಗಿಯರನ್ನು ಎಲ್ಲಿಗೆ ಕೊಟ್ಟಿದ್ದಾರೆ, ಸೊಸೆಯರನ್ನು ಎಲ್ಲಿಂದ ತಂದಿದ್ದಾರೆ. ಇಷ್ಟು ತಿಳಿದರೆ ಇಂಜಿನ್ನಿನ ಆರೋಗ್ಯ ತಾನಾಗಿ ತಿಳಿಯುತ್ತದೆ ಎಂದು ಅವನ ನಂಬಿಕೆ. "ಮಾಸ್ತರ, ಛಲೋ ಮನಿತನದವರು ಗಾಡಿ ಜಾಡಿಸೂದಿಲ್ಲ. ಮೀಟರ್ ತಿರುವೂದಿಲ್ಲ. ಮನಿತನ ನೋಡಿದ ಮ್ಯಾಲ ಮತ್ತೇನ ನೋಡೂದು?" ಎನ್ನುತ್ತಾನೆ. ಎಲ್ಲ ಕೇಳಿ ಮುಗಿದ ಮೇಲೆ ಹೊರಗೆ ಬಂದು ಟಾಯರಿಗೆ ಚಪ್ಪಲಿಯಿಂದ ಒಂದು ಸಣ್ಣ ಒದೆ ಕೊಟ್ಟು, ಬಾಗಿಲನ್ನು ಒಂದು ಸಲ ತೆಗೆದು ಹಾಕಿ, "ಬೇಶ್ ಐತಿ" ಎನ್ನುತ್ತಾನೆ. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಇದೇ ಮನುಷ್ಯ ಮಾರ್ಕೆಟ್ಟಿನಲ್ಲಿ ಅರಳೆ ತುಂಬಿದ ದೊಡ್ಡ ಚೀಲದ ಅಂಡಿಗೆಯೊಳಗೆ ಮೊಳಕೈತನಕ ಕೈ ತೂರಿಸಿ, ನಡುವಿನಿಂದ ಹಿಡಿಯಷ್ಟು ಕಿತ್ತು, ಎಳೆ ಎಳೆದು ನೋಡದೆ ಬಾಯಿ ಬಿಡುತ್ತಿರಲಿಲ್ಲ. ಮೇಲಿನ ಅರಳೆ ನೋಡಿ ಬೆಲೆ ಕಟ್ಟುವವರನ್ನು ಹುಚ್ಚರೆಂದು ಬಯ್ಯುತ್ತಿದ್ದ. ಅರಳೆಗಿದ್ದ ಈ ಮರ್ಯಾದೆ ಗಾಡಿಗೆ ಯಾಕಿಲ್ಲವೋ ನಾನು ಕೇಳಿಲ್ಲ, ಕೇಳಿದರೆ ಉಪ್ಪಿಟ್ಟು ತಪ್ಪೀತು ಎಂಬ ಭಯ ನನಗೆ.

ಅವನಿಗೆ ಈ ಕೀರ್ತಿ ಬಂದದ್ದು ಒಂದು ಹಳೆಯ ಜೀಪಿನಿಂದ. ಅವನು ಹೂಂ ಎಂದ ಆ ಜೀಪು ವರ್ಷಗಟ್ಟಲೆ ಓಡಿತು. ಅದರ ನಂತರ ಅವನು ಹೂಂ ಎಂದ ಎಷ್ಟೋ ಗಾಡಿಗಳು ಓಡಲಿಲ್ಲ, ಅವನ ಹೆಸರು ಮಾತ್ರ ಓಡುತ್ತಲೇ ಇತ್ತು. ನಮ್ಮ ಓಣಿಯ ದುರ್ಗೇಶ ಇವನ ಮಾತು ಕೇಳಿ ಕೊಂಡ ಕಾರಿನ ಗೇರಿನ ಕೋಲು ಮೊದಲ ವಾರವೇ ಅವನ ಕೈಗೆ ಕಿತ್ತು ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ದುರ್ಗೇಶ ಮುರುಗೆಪ್ಪನ ಪಡಸಾಲೆಗೆ ಬಂದ. ಮುರುಗೆಪ್ಪ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ, "ಗಾಡಿ ಛಲೋ ಮನ್ಯಾಗ ಬೆಳದಿತ್ತಪಾ. ನಿನ್ನ ಕೈ ಒರಟ" ಎಂದ. ದುರ್ಗೇಶ ಚಹಾ ಕುಡಿದು ಕ್ಷಮೆ ಕೇಳಿ ಹೋದ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥವನ ಮಗಳು ಆರತಿ. ದನದ ಡಾಕ್ಟರು. ಅಪ್ಪನ ಮನೆಯಲ್ಲೇ ಇದ್ದುಕೊಂಡು ನವಲಗುಂದದ ಕಡೆಯ ಹಳ್ಳಿಗಳಲ್ಲಿ ಸ್ವಂತ ಪ್ರ್ಯಾಕ್ಟೀಸ್ ಮಾಡುತ್ತಾಳೆ. ಅತ್ತ ಎಲ್ಲ ಕಪ್ಪು ಮಣ್ಣಿನ ಎರೆ ಭೂಮಿ. ಬೇಸಿಗೆಯಲ್ಲಿ ಅದರಂಥ ದಾರಿಯಿಲ್ಲ. ಒಂದು ಮಳೆ ಬಿತ್ತೆಂದರೆ ಹೊಲದ ದಾರಿ ಗಾಲಿಗೆ ಸುತ್ತಿಕೊಂಡು ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಹೋದ ಮಳೆಗಾಲದಲ್ಲಿ ಒಂದು ಎಮ್ಮೆ ಕರು ಹಾಕಲಾಗದೆ ಒದ್ದಾಡುತ್ತಿದೆ ಎಂದು ಫೋನ್ ಬಂದಿತ್ತು. ಆರತಿ ಸ್ಕೂಟರನ್ನು ಕೆಸರಿನಲ್ಲಿ ಬಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಹೋಗುವಷ್ಟರಲ್ಲಿ ಎಮ್ಮೆಯೂ ಕರುವೂ ಹೋಗಿಬಿಟ್ಟಿದ್ದವು. ಆ ಮನೆಗೆ ಇದ್ದದ್ದು ಅದೊಂದೇ ಎಮ್ಮೆ. ಮನೆಗೆ ಬಂದವಳು ಅವತ್ತು ಊಟ ಮಾಡಲಿಲ್ಲ. ಈ ಮಳೆಗಾಲಕ್ಕೆ ನಾಲ್ಕೂ ಗಾಲಿ ಎಳೆಯುವ ಗಾಡಿಯೊಂದು ಬೇಕೇ ಬೇಕು ಎಂದು ಹಟ ಹಿಡಿದಳು. ಹೊಸದು ಅವಳ ಕೈಗೆ ಎಟುಕುವಂತಿರಲಿಲ್ಲ, ಹಳೆಯದನ್ನೇ ಹುಡುಕಬೇಕಿತ್ತು.

ಮುರುಗೆಪ್ಪನ ಸಂಭ್ರಮ ನೋಡಬೇಕಿತ್ತು. ಊರಿಗೆಲ್ಲ ಗಾಡಿ ನೋಡಿಕೊಟ್ಟವನು ಕೊನೆಗೆ ತನ್ನ ಮನೆಗೆ ಒಂದು ನೋಡುವ ಕಾಲ ಬಂತು. ಉಣಕಲ್ಲಿನಲ್ಲಿ ಶಿವಯೋಗೀಶ ಎಂಬವರ ಮನೆಯಲ್ಲಿ ದೊಡ್ಡ ಡೀಸೆಲ್ ಫೋರ್‌ವೀಲ್ ಇದೆ, ಮೂರು ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ, ಹಿರಿಯರು ತೀರಿಕೊಂಡ ಮೇಲೆ ಕೊಡುವ ವಿಚಾರ ಮಾಡಿದ್ದಾರೆ ಎಂದು ಯಾರೋ ಹೇಳಿದರು. ಮುರುಗೆಪ್ಪ ನಾಲ್ಕು ಕಡೆ ಫೋನ್ ಮಾಡಿ ವಿಚಾರಿಸಿದ. ಗಾಡಿಯನ್ನಲ್ಲ, ಮನೆಯನ್ನು. ಫೋನ್ ಕೆಳಗಿಟ್ಟು, "ಬಂಗಾರದಂಥಾ ಮಂದಿ, ಮಾಸ್ತರ. ಗಾಡಿ ನಮ್ಮದ ಆತಂತ ತಿಳೀರಿ" ಎಂದ.

"ಅಪ್ಪಾ, ನಾ ನೋಡದ ಹೂಂ ಅನಬ್ಯಾಡ" ಎಂದಳು ಆರತಿ. ಅವಳು ಒಂದೆರಡು ತಿಂಗಳಿಂದ ಮೊಬೈಲಿನಲ್ಲಿ ಹಳೆಯ ಗಾಡಿ ನೋಡುವುದು ಹೇಗೆ ಎಂದು ಕೇಳಿ ಕೇಳಿ ತಲೆಗೆ ಹಾಕಿಕೊಂಡಿದ್ದಳು.

"ನೋಡಬೇ, ನೋಡು. ಯಾರ ಬ್ಯಾಡಂದ್ರು?" ಎಂದ ಮುರುಗೆಪ್ಪ.

ರವಿವಾರ ಮೂವರೂ ಉಣಕಲ್ಲಿಗೆ ಹೋದೆವು. ಹಿಂದಿನ ದಿನ ಮುಂಗಾರಿನ ಮಿರಗದ ಮಳೆ ಚೆನ್ನಾಗಿ ಸುರಿದಿತ್ತು. ಶಿವಯೋಗೀಶ ಬಾಗಿಲಲ್ಲೇ ಕಾದಿದ್ದ. ಮೆಲುದನಿಯ, ನಲವತ್ತರ ಆಸುಪಾಸಿನ ಮನುಷ್ಯ. ಅವನ ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಅವನ ತಾಯಿ ದಾನವ್ವ. ಅಂಗಳದಲ್ಲಿ ಗಾಡಿ ತೊಳೆದು ಒರೆಸಿಕೊಂಡು ನಿಂತಿತ್ತು. ಆರತಿ ಚಪ್ಪಲಿ ಬಿಡುವ ಮೊದಲೇ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು, ಜ್ವರ ಬಂದ ಆಕಳ ಕಿವಿ ಮುಟ್ಟಿ ನೋಡುವ ಹಾಗೆ.

"ಇದು ಬಿಸಿ ಐತೆಲ್ರಿ."

"ಹೌದ್ರಿ. ನೀವು ಬರ್ತೀರಿ ಅಂತ ಮುಂಜಾನೆ ಒಂದು ರೌಂಡ್ ಹೊಡದು ಬಿಸಿ ಮಾಡಿ ಇಟ್ಟೇನಿ" ಎಂದ ಶಿವಯೋಗೀಶ, ಬರುವವರಿಗೆ ಸ್ನಾನದ ನೀರು ಕಾಯಿಸಿಟ್ಟಷ್ಟು ವಿನಯದಿಂದ.

"ತಣ್ಣಗಿದ್ದಾಗ ಚಾಲೂ ಮಾಡಿ ನೋಡಬೇಕ್ರಿ. ಬಿಸಿ ಇದ್ದಾಗ ಎಂಥಾ ಇಂಜಿನ್ನೂ ಚಾಲೂ ಆಕ್ಕೈತಿ. ಇದು ಆರೂತನಾ ಕಾಯೋಣು."

ಮುರುಗೆಪ್ಪನ ಮುಖ ಅರಳಿತು. ಇಂಜಿನ್ ಆರುವತನಕ ಒಳಗೆ ಕೂಡಬಹುದು, ಕೂತರೆ ಮಾತಾಡಬಹುದು. ಅವನ ಪರೀಕ್ಷೆಗೆ ಇಷ್ಟು ಪುರುಸೊತ್ತು ಹಿಂದೆಂದೂ ಸಿಕ್ಕಿರಲಿಲ್ಲ. ಉಪ್ಪಿಟ್ಟು ಬಂತು, ಅದರ ಹಿಂದೆ ಶೇಂಗಾ ಹೋಳಿಗೆ ಬಂತು, ಮೇಲೆ ತುಪ್ಪ ಬಂತು. ನಾನು ನನ್ನ ಕೆಲಸ ಮಾಡಿದೆ. ಮುರುಗೆಪ್ಪ ತನ್ನ ಕೆಲಸ ಮಾಡಿದ. ಮಠ ತಿಳಿಯಿತು, ಮೂಲ ಊರು ತಿಳಿಯಿತು, ತೀರಿಕೊಂಡ ಹಿರಿಯರ ಸೋದರತ್ತೆಯನ್ನು ಅಣ್ಣಿಗೇರಿಗೆ ಕೊಟ್ಟದ್ದು ತಿಳಿಯಿತು. ಆ ಅಣ್ಣಿಗೇರಿ ಮನೆಯವರು ಮುರುಗೆಪ್ಪನ ತಾಯಿಯ ಕಡೆಯವರಾಗಬೇಕು ಎಂದು ಗೊತ್ತಾದದ್ದೇ ತಡ, ಅವನು ತಾಟು ಕೆಳಗಿಟ್ಟು ಎರಡೂ ಕೈ ಜೋಡಿಸಿದ.

"ಅಂದ್ರ ನಾವು ನೀವು ಬೀಗರ ಪೈಕಿನ ಆದ್ವಿ ನೋಡ್ರಿ ಅಕ್ಕಾರ!"

"ಹೌದಲ್ರಿ ಅಣ್ಣಾರ! ಹತ್ತರದವರ ಅದೀರಿ ಹಂಗಾರ" ಎಂದು ದಾನವ್ವ ಸಂತೋಷದಿಂದ ಇನ್ನೊಂದು ಹೋಳಿಗೆ ಹಾಕಿದಳು. ಹಾಕುತ್ತ ಹಾಕುತ್ತ ಆರತಿಯ ಕಡೆ ನೋಡಿ, "ಮಗಳನ್ನ ಯಾರ ಮನಿಗೆ ಕೊಟ್ಟೀರಿ?" ಎಂದು ಕೇಳಿದಳು.

ಈ ಪ್ರಶ್ನೆಯನ್ನು ಮುರುಗೆಪ್ಪ ಜನ್ಮದಲ್ಲಿ ಸಾವಿರ ಸಲ ಬೇರೆಯವರಿಗೆ ಕೇಳಿದ್ದಾನೆ. ತನಗೇ ಯಾರಾದರೂ ಕೇಳಿಯಾರು ಎಂದು ಯೋಚಿಸಿರಲಿಲ್ಲ. ಆರತಿಯ ಲಗ್ನ ಪುಣೆಯಲ್ಲಿ ಕೆಲಸ ಮಾಡುವ ಹುಡುಗನ ಜೊತೆ ಆಗಿತ್ತು. ಆ ಮನೆತನವನ್ನು ಮುರುಗೆಪ್ಪನೇ ಮೂರು ತಲೆಮಾರಿನತನಕ ನೋಡಿ ಹೂಂ ಎಂದಿದ್ದ. ಮನೆತನಕ್ಕೆ ಏನೂ ಆಗಿರಲಿಲ್ಲ, ಹುಡುಗ ಕುಡಿದು ಕೈ ಮಾಡುತ್ತಿದ್ದ. ವರ್ಷ ತುಂಬುವ ಮೊದಲೇ ಆರತಿ ಒಂದು ಚೀಲ ಹಿಡಿದುಕೊಂಡು ವಾಪಸು ಬಂದಳು, ಹೋದ ವರ್ಷ ಕೋರ್ಟಿನಲ್ಲಿ ಬಿಡುಗಡೆಯೂ ಆಯಿತು. ಓಣಿಗೆಲ್ಲ ಗೊತ್ತಿರುವ ಈ ಸಂಗತಿ ಮುರುಗೆಪ್ಪನ ಬಾಯಿಂದ ಒಮ್ಮೆಯೂ ಬಂದಿಲ್ಲ.

"ಪುಣೆದಾಗ್ರಿ" ಎಂದ ಮುರುಗೆಪ್ಪ, ತಾಟನ್ನೇ ನೋಡುತ್ತ. "ಅಳಿಯಾ ದೊಡ್ಡ ಕಂಪನಿಯಾಗ ಅದಾರ. ಈಕಿ ನಾಕು ದಿನಾ ಬಂದಾಳ."

ನಾನು ಕೈಯಲ್ಲಿದ್ದ ಹೋಳಿಗೆಯನ್ನು ತಾಟಿಗೆ ಹಾಕಿದೆ. ನಾಕು ದಿನಕ್ಕೆ ಬಂದವಳು ಫೋರ್‌ವೀಲ್ ಯಾಕೆ ಕೊಳ್ಳುತ್ತಾಳೆ ಎಂದು ದಾನವ್ವ ಕೇಳಲಿಲ್ಲ. ಬೀಗರ ಪೈಕಿಯವರನ್ನು ಹಾಗೆಲ್ಲ ಕೆದಕಿ ಕೇಳುವ ಪದ್ಧತಿ ಅವರಲ್ಲೂ ಇರಲಿಲ್ಲ. ಆರತಿ ಅಪ್ಪನ ಕಡೆ ನೋಡಿದಳು. "ಗಾಡಿ ಆರಿರಬೇಕು" ಎಂದು ಎದ್ದು ಹೊರಗೆ ಹೋದಳು.

ಎಲ್ಲರೂ ಹಿಂದೆಯೇ ಬಂದೆವು. ಆರತಿ ರೇಡಿಯೇಟರಿನ ಮುಚ್ಚಳ ತೆಗೆದು ನೀರಿನಲ್ಲಿ ಎಣ್ಣೆಯ ಜಿಡ್ಡು ತೇಲುತ್ತಿದೆಯೇ ನೋಡಿದಳು. ಇಂಜಿನ್ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಒಳಬದಿಗೆ ಬೆರಳು ಆಡಿಸಿದಳು. ಬಿಳಿ ನೊರೆ ಕಟ್ಟಿದ್ದರೆ ಆಯಿಲ್‌ಗೆ ನೀರು ಸೇರಿದೆ ಎಂದು ಲೆಕ್ಕವಂತೆ, ಇಲ್ಲಿ ಹಾಗೇನೂ ಇರಲಿಲ್ಲ. ಆಮೇಲೆ ಚಾಲೂ ಮಾಡಿಸಿ ಹಿಂದೆ ಹೋಗಿ ಹೊಗೆಯ ಬಣ್ಣ ನೋಡಿದಳು. ಮೊದಲು ನೀಲಿ ಹೊಗೆ ಬಂದು ಕಡಿಮೆಯಾಯಿತು. "ಸ್ವಲ್ಪ ಆಯಿಲ್ ಸುಡತೈತಿ. ಇಷ್ಟು ಓಡಿದ ಗಾಡಿಗೆ ಇದು ನಡೀತೈತಿ" ಎಂದಳು. ಟಾಯರುಗಳನ್ನು ನೋಡಿ, ಫೋರ್‌ವೀಲ್‌ಗೆ ನಾಲ್ಕೂ ಒಂದೇ ಅಳತೆಯಲ್ಲಿ ಸವೆದಿರಬೇಕು, ಇಲ್ಲವಾದರೆ ಒಳಗಿನ ಗೇರುಗಳು ಜಗ್ಗಾಡಿ ತಿಂದು ಹೋಗುತ್ತವೆ ಎಂದು ಶಿವಯೋಗೀಶನಿಗೇ ಪಾಠ ಹೇಳಿದಳು.

ಅವಳು ಒಂದೊಂದು ಮುಚ್ಚಳ ತೆಗೆದಾಗಲೂ ಮುರುಗೆಪ್ಪ ಬೇರೆಯವರ ಕಪಾಟು ತೆಗೆಯುತ್ತಿದ್ದಾಳೇನೋ ಎಂಬಂತೆ ಒದ್ದಾಡಿದ. "ಸಾಕ ಬಿಡವಾ. ಏನ ತಿಳ್ಕೋತಾರ ಅವರು?" ಎಂದು ಗೊಣಗಿದ. ದಾನವ್ವನ ಕಡೆ ತಿರುಗಿ, "ಓದಿದ ಹುಡುಗ್ರು ನೋಡ್ರಿ, ಎಲ್ಲಾ ಕೆದರಿ ನೋಡತಾವು" ಎಂದು ನಕ್ಕ.

"ಫೋರ್‌ವೀಲ್ ಹಾಕಿ ನೋಡಬೇಕ್ರಿ. ಡಾಂಬರ್ ಮ್ಯಾಲ ಗೊತ್ತಾಗಂಗಿಲ್ಲ, ಕೆಸರ ಬೇಕು" ಎಂದಳು ಆರತಿ.

ಮನೆಯ ಹಿಂದೆಯೇ ಅವರ ಹೊಲವೊಂದು ಪ್ಲಾಟ್ ಆಗುವ ದಿನ ಕಾಯುತ್ತ ಪಾಳು ಬಿದ್ದಿತ್ತು. ಮಳೆಗೆ ಎರೆ ಮಣ್ಣು ನಾದಿದ ಹಿಟ್ಟಿನಂತಾಗಿತ್ತು. ಶಿವಯೋಗೀಶ ಆರತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಲಕ್ಕೆ ಇಳಿಸಿದ. ಗೇರಿನ ಪಕ್ಕದಲ್ಲಿದ್ದ ಫೋರ್‌ವೀಲಿನ ಸಣ್ಣ ಕೋಲನ್ನು ಹಿಂದಕ್ಕೆ ಎಳೆದ. ಮುಂದಿನ ಫಲಕದಲ್ಲಿ ಹಸಿರು ದೀಪ ಹತ್ತಿತು. "ಬಿತ್ತು ನೋಡ್ರಿ ಫೋರ್‌ವೀಲ್!" ಎಂದು ಕಿಟಕಿಯಿಂದ ನಮಗೆಲ್ಲ ಕೂಗಿ ಹೇಳಿದ. ಗಾಡಿ ಗರ್ಜಿಸಿತು, ನಾಲ್ಕು ಮಾರು ಹೋಯಿತು, ಕೂತಿತು. ಹಿಂದಿನ ಗಾಲಿಗಳೆರಡೂ ಗರಗರ ತಿರುಗಿ ನನ್ನ ಅಂಗಿಯತನಕ ಕೆಸರು ಹಾರಿಸಿದವು. ಮುಂದಿನ ಗಾಲಿಗಳು ಅಲುಗಾಡಲಿಲ್ಲ.

ತಕ್ಷಣ ಕಾರಣಗಳು ಬಂದವು. ಬಹಳ ದಿನ ನಿಂತದ್ದಕ್ಕೆ ಹೀಗಾಗಿದೆ ಎಂದು ಶಿವಯೋಗೀಶ ಹೇಳಿದ. ದಾನವ್ವನಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ಅನುಮಾನ. ಮುರುಗೆಪ್ಪ ಹೊಲದ ಅಂಚಿನಲ್ಲಿ ಧೋತರ ಎತ್ತಿ ಹಿಡಿದು ನಿಂತು, "ಗಾಡೀದೇನೂ ತಪ್ಪಿಲ್ಲ, ಮಣ್ಣ ಕೆಟ್ಟೈತಿ" ಎಂದು ತೀರ್ಪು ಕೊಟ್ಟ. ಕೆಟ್ಟ ಮಣ್ಣಿಗಾಗಿಯೇ ಈ ಗಾಡಿ ನೋಡಲು ಬಂದದ್ದು ಎಂಬುದು ಅವನಿಗೆ ಮರೆತೇ ಹೋಗಿತ್ತು.

ಶಿವಯೋಗೀಶ ಇಂಜಿನ್ ಬಂದ್ ಮಾಡಿ ಇಳಿದ. ಆರತಿಯೂ ಕೆಳಗಿಳಿದು ಸೆರಗು ಬಿಗಿದಳು. "ತಳಕ್ಕ ಹೋಗಿ ನೋಡ್ತೇನಿ."

"ಏ ಬ್ಯಾಡ ಬೇ!" ಮುರುಗೆಪ್ಪ ಗಾಬರಿಯಿಂದ ಕೆಸರಿಗೆ ಇಳಿದೇ ಬಿಟ್ಟ. ಅವಳ ಹತ್ತಿರ ಹೋಗಿ ದನಿ ತಗ್ಗಿಸಿದ. ನಾನೂ ಹಿಂದೆಯೇ ಹೋದದ್ದರಿಂದ ನನಗೆ ಕೇಳಿಸಿತು. "ಬೀಗರ ಪೈಕಿ ಅದಾರವಾ. ಅವರ ಮುಂದ ನೆಲಕ್ಕ ಬಿದ್ದು ತಳಾ ನೋಡಿದ್ರ, ನಂಬಿಕಿ ಇಲ್ಲ ಅಂದಂಗ ಆಕ್ಕೈತಿ. ಇಂಥಾ ಛಲೋ ಮನಿತನದಾಗ ಹಂಗೆಲ್ಲಾ ಇರಾಕಿಲ್ಲ."

ಆರತಿ ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

"ಅಪ್ಪಾ, ಪುಣೆದಿಂದ ಮೊದಲನೇ ಸಲ ಫೋನ್ ಮಾಡಿ, ಹೊಡಿಯಾಕತ್ಯಾನ ಅಂತ ಅತ್ತಿದ್ನೆಲ್ಲಾ. ಅವತ್ತೂ ನೀ ಇದನ್ನ ಅಂದಿ. ಛಲೋ ಮನಿತನ, ಹಂಗೆಲ್ಲಾ ಇರಾಕಿಲ್ಲ ಅಂತ."

ಮುರುಗೆಪ್ಪ ನಿಂತೇ ಇದ್ದ. ಅವನ ಧೋತರದ ಅಂಚು ಕೈಯಿಂದ ಜಾರಿ ಕೆಸರಿಗೆ ಬಿತ್ತು, ಅದು ಅವನ ಗಮನಕ್ಕೆ ಬರಲಿಲ್ಲ. ಅವನಿಗೆ ಎದೆನೋವು ಬಂತೇನೋ ಎಂದು ನಾನು ಹೆದರಿ ತೋಳು ಹಿಡಿಯಲು ಹೋದೆ. ಅವನು ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟ. ಆಮೇಲೆ ಆರತಿಯನ್ನು ಪಕ್ಕಕ್ಕೆ ಸರಿಸಿ, ಮೊದಲು ಮೊಳಕಾಲೂರಿ, ಆಮೇಲೆ ಬೆನ್ನ ಮೇಲೆ ಮಲಗಿ, ತೆವಳಿಕೊಂಡು ಗಾಡಿಯ ಕೆಳಗೆ ಹೋದ. ಎರಡು ಕಾಲುಗಳಷ್ಟೇ ಹೊರಗೆ ಉಳಿದವು.

"ಅಯ್ಯ ಅಣ್ಣಾರ! ಏನ್ರೀ ಇದು!" ಎಂದು ದಾನವ್ವ ಬದುವಿನಿಂದ ಕೂಗಿದಳು.

"ಏನ ನೋಡಬೇಕವಾ?" ಕೆಳಗಿನಿಂದ ಮುರುಗೆಪ್ಪನ ದನಿ ಬಂತು.

ಆರತಿ ಬಗ್ಗಿದಳು. "ನಡುವ ಒಂದು ದೊಡ್ಡ ಪೆಟ್ಟಿಗಿ ಐತಿ. ಅಲ್ಲಿಂದ ಹಿಂದಿನ ಗಾಲಿಗೆ ಒಂದು ಉದ್ದನ ಕಬ್ಬಿಣದ ಶಾಫ್ಟ್ ಹೋಗೇತಿ. ಕಂಡತೇನು?"

"ಕಂಡತು."

"ಅಂಥಾದ ಮುಂದಿನ ಗಾಲಿಗೂ ಹೋಗಿರಬೇಕು."

ಕೆಳಗೆ ಕೈ ತಡಕಾಡುವ ಸಪ್ಪಳ ಕೇಳಿಸಿತು. ಆಮೇಲೆ ಮುರುಗೆಪ್ಪ, "ಮುಂದ ಏನೂ ಇಲ್ಲ" ಎಂದ.

"ಸರಿಯಾಗಿ ನೋಡು."

"ಕೈ ಹಾಕಿ ನೋಡೇನಿ. ಏನೂ ಇಲ್ಲ. ಖಾಲಿ."

ಶಿವಯೋಗೀಶ ತಾನೂ ಬಗ್ಗಿ ನೋಡಿ ನೆಟ್ಟಗಾದ. ಅವನು ಸುಳ್ಳುಗಾರನಲ್ಲ, ಇದನ್ನು ನಾನು ಗಟ್ಟಿಯಾಗಿ ಹೇಳಬೇಕು. "ಖರೇನ ಗೊತ್ತಿಲ್ರಿ ಅಕ್ಕಾರ. ಅಪ್ಪಾರು ಇದ್ದಾಗ ಮುಂದ ಏನೋ ಸಪ್ಪಳ ಬರತೈತಿ ಅಂತ ಬಿಚ್ಚಿಸಿದ್ರು. ಮತ್ತ ಹಾಕಿಸ್ಯಾರ ಅಂತ ತಿಳ್ಕೊಂಡಿದ್ನಿ. ದೀಪಾ ಹತ್ತತಿತ್ತಲ್ರಿ" ಎಂದ. ಅಷ್ಟೂ ವರ್ಷ ಅವನು ದೀಪ ಹತ್ತಿಸಿಕೊಂಡು ಎರಡು ಗಾಲಿಯ ಮೇಲೆ ನಾಲ್ಕು ಗಾಲಿಯ ಗತ್ತಿನಲ್ಲಿ ಹುಬ್ಬಳ್ಳಿ ಧಾರವಾಡ ತಿರುಗಿದ್ದ.

ದಾನವ್ವ ಏನೋ ನೆನಪು ಮಾಡಿಕೊಳ್ಳುತ್ತಿದ್ದಳು. "ಶಿವೂ, ಹಿತ್ತಲದಾಗ ಎಮ್ಮಿ ಕಟ್ಟೂ ಕಬ್ಬಿಣದ ಗೂಟ ಐತೆಲ್ಲಾ, ನಿಮ್ಮಪ್ಪ ಹುಗದದ್ದು. ಅದ ಏನ ಅದು?" ಎಂದಳು.

ನಾನು ನಕ್ಕೆ. ತಡೆಯಲಾಗಲಿಲ್ಲ. ಶಿವಯೋಗೀಶನೂ ನಗಲೋ ಬೇಡವೋ ಎಂದು ನಕ್ಕ. ಆರತಿ ಮಾತ್ರ ನಗದೆ ಗಾಡಿಯ ಕೆಳಗಿನ ಎರಡು ಕಾಲುಗಳನ್ನೇ ನೋಡುತ್ತಿದ್ದಳು. ಅವು ಹೊರಗೆ ಬರುವ ಲಕ್ಷಣ ಕಾಣಲಿಲ್ಲ. ನಾನು ಬಗ್ಗಿ ನೋಡಿದರೆ ಮುರುಗೆಪ್ಪ ಅಂಗಾತ ಮಲಗಿ, ಆ ಖಾಲಿ ಜಾಗದಲ್ಲಿ ಕೈಯಿಟ್ಟುಕೊಂಡು ಅಳುತ್ತಿದ್ದ.

ಕೊನೆಗೆ ತೆವಳಿಕೊಂಡು ಹೊರಬಂದ. ಬಿಳಿ ಬಟ್ಟೆಯಲ್ಲಿ ಬಿಳಿ ಎಂಬುದು ಉಳಿದಿರಲಿಲ್ಲ, ವಿಭೂತಿಯ ಮೇಲೆ ಗ್ರೀಸು ಬಳಿದುಕೊಂಡಿತ್ತು. ಮಣ್ಣಿನಲ್ಲಿ ಕೂತವನು ಕೂತ ಹಾಗೆಯೇ ದಾನವ್ವನಿಗೆ ಕೈ ಮುಗಿದ.

"ಅಕ್ಕಾರ, ನಿಮಗ ಸುಳ್ಳ ಹೇಳೇನ್ರಿ. ನನಗ ಅಳಿಯಾ ಇಲ್ಲ. ಅಂವಾ ಕುಡದು ಹೊಡೀತಿದ್ದ, ಈಕಿ ಬಿಟ್ಟು ಬಂದಾಳ. ಅವರ ಮನಿಯವರೂ ನಿಮ್ಮಂಗ ಛಲೋ ಮಂದಿನ. ಈಕಿ ಫೋನ್ ಮಾಡಿ ಹೇಳಿದ್ಲು, ನಾ ಕೇಳಲಿಲ್ಲ."

ದಾನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.  ನಾನು ಟೊಪ್ಪಿಗೆ ಹಿಡಿದುಕೊಂಡು ನಿಂತಿದ್ದೆ.

ಆರತಿ ಅಪ್ಪನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅವನ ಬೆನ್ನಿಗೆ ಮೆತ್ತಿದ್ದ ಎರೆ ಮಣ್ಣನ್ನು ಅಂಗೈಯಿಂದ ಬಳಿದು ಬಳಿದು ತೆಗೆದಳು. ಅದು ಸುಲಭಕ್ಕೆ ಬಿಡುವ ಮಣ್ಣಲ್ಲ. ಸಾಕಷ್ಟು ಹೊತ್ತಾದ ಮೇಲೆ ಅವನ ರಟ್ಟೆ ಹಿಡಿದು, "ಏಳಪ್ಪಾ. ಗಾಡಿ ತಳದಾಗ ಹಿಂದಿನ ಕಡೆ ಇನ್ನೂ ನೋಡೂದೈತಿ" ಎಂದಳು.